ಹೆಚ್ಚಿಗೆ ತುಳಿದ ಹೊಂಗೆ ಸೊಪ್ಪು

ಕಮಲಾದೇವಿ ಮೊದಲ ಸಲ ಗಿಡ್ಡಮ್ಮನಪಾಳ್ಯಕ್ಕೆ ಬಂದದ್ದು ಎಂಬತ್ತಾರರ ಬೇಸಿಗೆಯಲ್ಲಿ. ಜೆ.ಪಿ. ನಗರದ ಕೊನೆಯ ಸ್ಟಾಪಿನಲ್ಲಿ ಬಸ್ಸಿಳಿದು, ಇಟ್ಟಿಗೆ ಗೂಡುಗಳ ಹೊಗೆಯೊಳಗೆ ನಡೆದು, ಕೆರೆ ಏರಿ ಹತ್ತಿ ಇಳಿದು ಮುನಿಯಕ್ಕನ ಜಗಲಿಯ ಮುಂದೆ ನಿಂತಾಗ ಆಕೆಯ ಸೀರೆಯ ಅಂಚೆಲ್ಲ ಕೆಂಪು ಧೂಳು. ವಸಂತಪುರದ ದಾರಿ ಕೇಳಲು ಬಂದವಳಿರಬೇಕು ಎಂದುಕೊಂಡಳು ಮುನಿಯಕ್ಕ.

"ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ ಅಕ್ಕ?"

ಮುನಿಯಕ್ಕ ಚೊಂಬು ತಂದಳು. ಕೈಗೆ ಕೊಡುವ ಮೊದಲು, ಈ ನಾಡಿನಲ್ಲಿ ಯಾರೂ ಕಲಿಸದೆ ಎಲ್ಲರೂ ಕಲಿಯುವ ಪ್ರಶ್ನೆಯನ್ನು ಕೇಳಿದಳು.

"ಯಾರ ಪೈಕಿ ನೀವು?"

"ನಮ್ಮಪ್ಪನ ಹೆಸರು ಪಾಪಯ್ಯ. ಬನಶಂಕರಿಯಲ್ಲಿ ಮನೆ. ನಾವು ಬೌದ್ಧರು."

ಬೌದ್ಧರು ಅಂದರೆ ಯಾರೆಂದು ಮುನಿಯಕ್ಕನಿಗೆ ಗೊತ್ತಿತ್ತು. ಊರಾಚೆಯ ಕಾಲನಿಯವರು ಒಂದಿಷ್ಟು ಜನ ಲಾರಿಯಲ್ಲಿ ಹೋಗಿ ಬಿಳಿ ಬಟ್ಟೆಯುಟ್ಟು ಬೌದ್ಧರಾಗಿ ಬಂದಿದ್ದಾಗ ಊರು ತಿಂಗಳುಗಟ್ಟಲೆ ನಕ್ಕಿತ್ತು. ಚೊಂಬು ಕೈ ಬದಲಾಯಿಸಲಿಲ್ಲ. ನೀರು ಮೇಲಿನಿಂದ ಧಾರೆಯಾಗಿ ಬಿತ್ತು. ಎಂಎಸ್ಸಿ ಓದಿದ ಹುಡುಗಿ ಬಗ್ಗಿ, ಬೊಗಸೆಯೊಡ್ಡಿ ಕುಡಿದಳು. ಸೆರಗಿನಿಂದ ಗಲ್ಲ ಒರೆಸಿಕೊಂಡು, ಏನೂ ಆಗದವಳ ಹಾಗೆ, ಬಂದ ಕೆಲಸ ಹೇಳಿದಳು.

ಕೆಲಸ ವಿಚಿತ್ರವಾಗಿತ್ತು. ಭತ್ತದ ಗದ್ದೆಯಲ್ಲಿ ನೀರು ನಿಂತಾಗ ಕೆಸರಿನಿಂದ ಮೀಥೇನ್ ಅನ್ನುವ ಗಾಳಿ ಏಳುತ್ತದೆ, ಅದು ಮೇಲಕ್ಕೆ ಹೋಗಿ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಕೂರುತ್ತದೆ, ಬಿಸಿಲಿನ ಕಾವು ಹೊರಗೆ ಹೋಗಲು ಬಿಡುವುದಿಲ್ಲ. ಎಷ್ಟು ಏಳುತ್ತದೆ ಎಂದು ಅಳೆಯಬೇಕು. ಅದಕ್ಕೆ ಕೆರೆಯ ತೂಬಿನ ಕೆಳಗೆ ಮುನಿಯಕ್ಕನ ಗದ್ದೆಯಲ್ಲಿ ಒಂದು ತಾಕು, ಅಂದರೆ ಒಂದು ತುಂಡು ಜಾಗ, ಬೇಕು. ಬಾಡಿಗೆ ಕೊಡುತ್ತಾರೆ, ಬೆಳೆಯೂ ಮುನಿಯಕ್ಕನಿಗೇ. ಮನೆಯವರು ಯಾವಾಗಲೂ ಬೆಳೆಯುವ ಹಾಗೆ ಬೆಳೆದರೆ ಸಾಕು.

ಮುನಿಯಕ್ಕನ ಗಂಡ ಪಿಳ್ಳಣ್ಣ ಬೀಡಿ ಕೆಳಗಿಟ್ಟ.

"ಅಂದ್ರೆ ನಮ್ ಗದ್ದೆ ಹೂಸು ಬಿಡೋದ ಅಳೆಯಕ್ಕೆ ಸರ್ಕಾರ ನಿಮ್ಗೆ ಸಂಬ್ಳ ಕೊಡ್ತದೆ?"

"ಹೆಚ್ಚೂ ಕಡಿಮೆ ಹಾಗೇ ಅಣ್ಣ."

"ಹಂಗಿದ್ರೆ ನಮ್ ಭಾವ ಅವ್ನೆ ಗಿರಿನಗರ್ದಲ್ಲಿ. ಅವನ್ಗೂ ಒಂದು ಪೆಟ್ಟಿಗೆ ಕವುಚಿ. ನಿಮ್ ಲೆಕ್ಕ ಒಂದೇ ದಿನಕ್ಕೆ ಮುಗೀತದೆ."

ಕಮಲಾದೇವಿ ಜೋರಾಗಿ ನಕ್ಕಳು. ಒಳಗೆ ಚೊಂಬು ತೊಳೆಯುತ್ತಿದ್ದ ಮುನಿಯಕ್ಕನಿಗೆ ಆ ನಗು ಕೇಳಿಸಿತು. ಯಾರೂ ಬಾಯಿ ಮುಟ್ಟಿಸದ ಚೊಂಬನ್ನು ತಾನೇಕೆ ತೊಳೆಯುತ್ತಿದ್ದೇನೆ ಎಂದು ಆಗ ಆಕೆ ಕೇಳಿಕೊಳ್ಳಲಿಲ್ಲ. ಆಮೇಲೆ ಬಹಳ ದಿನ ಕೇಳಿಕೊಂಡಳು.

ಆಮೇಲೆ ಎಂದರೆ ಮುಳ್ಳಿನ ದಿನದಿಂದ. ನಾಟಿಗೆ ಗದ್ದೆ ಹದ ಮಾಡುವ ಕಾಲ. ಮುನಿಯಕ್ಕನ ಅಂಗಾಲಿಗೆ ಜಾಲಿಮುಳ್ಳು ಹೊಕ್ಕು ಮುರಿಯಿತು. ಪಕ್ಕದ ಗದ್ದೆಯ ಸೊಣ್ಣಮ್ಮ ದೂರದಿಂದಲೇ "ಎಕ್ಕದ ಹಾಲು ಬಿಡಮ್ಮಿ" ಎಂದು ಕೂಗಿ ತನ್ನ ಕೆಲಸ ನೋಡಿಕೊಂಡಳು. ಬದುವಿನ ಮೇಲೆ ಪೆಟ್ಟಿಗೆ ಜೋಡಿಸುತ್ತಿದ್ದ ಕಮಲಾದೇವಿ ಬಂದು ಕೂತಳು. ಕೆಸರು ಮೆತ್ತಿದ ಆ ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ತಲೆಯಿಂದ ಪಿನ್ನು ತೆಗೆದು, ಉಸಿರು ಬಿಗಿಹಿಡಿದು, ಮುಳ್ಳನ್ನು ಮೀಟಿ ತೆಗೆದಳು. ಯಾರ ಪೈಕಿ ನೀವು ಎಂದು ಆಕೆ ಕೇಳಲಿಲ್ಲ.

ಮುನಿಯಕ್ಕನಿಗೆ ಕಾಲಿನ ನೋವು ಇಳಿಯಿತು, ಮುಖದ ಬಿಸಿ ಇಳಿಯಲಿಲ್ಲ. ತಪ್ಪಾಯ್ತು ಎಂಬ ಒಂದು ಮಾತು ಗಂಟಲ ತನಕ ಬಂತು. ಅಂಥ ಮಾತನ್ನು ಆ ಮನೆಯಲ್ಲಿ ಯಾರೂ ಯಾರಿಗೂ, ಕಾಲನಿಯವರಿಗಂತೂ ತಲೆತಲಾಂತರದಿಂದ, ಹೇಳಿ ಅಭ್ಯಾಸವಿರಲಿಲ್ಲ. ಹೇಳಲು ಬಾರದ್ದನ್ನು ಆಕೆ ಮಾಡಿ ತೋರಿಸಲು ಹೊರಟಳು.

ನಾಟಿಗೆ ಮುಂಚೆ ಹೊಂಗೆ ಸೊಪ್ಪು ಕಡಿದು ಗದ್ದೆಗೆ ಹರಡಿ, ಕೆಸರಿನಲ್ಲಿ ತುಳಿದು ಕೊಳೆಯಲು ಬಿಡುವುದು ಅಲ್ಲಿನ ರೂಢಿ. ಮೇಡಮ್ಮನ ತಾಕಿನಷ್ಟು ಜಾಗಕ್ಕೆ ಒಂದು ಹೊರೆ ಸೊಪ್ಪು ಧಾರಾಳ. ಮುನಿಯಕ್ಕ ಏರಿಯ ಮೇಲಿನ ಹೊಂಗೆಮರಗಳನ್ನೆಲ್ಲ ಬೋಳಿಸಿ ಹೊರೆಯ ಮೇಲೆ ಹೊರೆ ತಂದು ಅಲ್ಲೊಂದಕ್ಕೇ ಸುರಿದಳು. ಕಮಲಾದೇವಿ ಬರುವ ದಿನಗಳನ್ನು ತಪ್ಪಿಸಿ, ಒಬ್ಬಳೇ ನಿಂತು, ಸೊಂಟ ಬೀಳುವ ತನಕ ತುಳಿದಳು.

"ಯಾರ್ ಮದುವೇಗೆ ಈ ಚಪ್ಪರ?" ಎಂದಳು ಸೊಣ್ಣಮ್ಮ.

"ಮುಚ್ಕೊಂಡ್ ಹೋಗೆ. ಮೇಡಮ್ನೋರ ಪೈರು ಊರ್ಗೆ ಮೊದ್ಲಾಗಿ ಎದ್ ನಿಲ್ಬೇಕು."

ಪೈರು ಎದ್ದು ನಿಂತಿತು. ವಾರವಾರವೂ ಕಮಲಾದೇವಿ ಬಂದು ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಪೈರಿನ ಮೇಲೆ ಕವುಚಿ, ಸಿರಿಂಜಿನಲ್ಲಿ ಒಳಗಿನ ಗಾಳಿ ಎಳೆದು ಸೀಸೆಗಳಲ್ಲಿ ತುಂಬಿಕೊಂಡು ಹೋಗುತ್ತಿದ್ದಳು. "ನಿಮ್ಮ ಗದ್ದೆ ಸಾಮಾನ್ಯದ್ದಲ್ಲ ಅಕ್ಕ, ಬೇರೆ ಕಡೆಗಿಂತ ಎಷ್ಟೋ ಪಟ್ಟು ಬರ್ತಿದೆ, ನಮ್ಮ ಸಾರ್ ಕುಣೀತಿದಾರೆ" ಎಂದಳೊಮ್ಮೆ. ಎಷ್ಟೋ ಪಟ್ಟು ಬರುತ್ತಿರುವುದು ಏನು, ಬಂದರೆ ಒಳ್ಳೆಯದೋ ಕೆಟ್ಟದ್ದೋ, ಮುನಿಯಕ್ಕ ವಿಚಾರಿಸಲಿಲ್ಲ. ಹುಡುಗಿಯ ಮುಖ ಅರಳಿತ್ತು. ಅಷ್ಟಕ್ಕೇ ಆಕೆಯೂ ಅರಳಿದಳು.

ಕೊಯ್ಲಿನ ದಿನ ತಡೆಯಲಾಗದೆ ಹೇಳಿಬಿಟ್ಟಳು. "ನೋಡ್ದಾ ನಿನ್ನ ಪೈರ? ಬ್ಯಾರೆ ಗದ್ದೆಗೆ ಒಂದು ಹೊರೆ ಹಾಕಿದ್ರೆ ನಿಂಗೆ ಐದಾರು ಹೊರೆ ಸೊಪ್ಪು ತುಳ್ದಿವ್ನಿ."

ಕಮಲಾದೇವಿ ಕೈಯಲ್ಲಿದ್ದ ಸೀಸೆಯನ್ನು ಬದುವಿನ ಮೇಲಿಟ್ಟಳು.

"ಅಕ್ಕ, ನೀರಿನಡಿ ಸೊಪ್ಪು ಕೊಳೆತಾಗಲೇ ಆ ಗ್ಯಾಸ್ ಬರೋದು. ಜಾಸ್ತಿ ಸೊಪ್ಪಂದ್ರೆ ಜಾಸ್ತಿ ಗ್ಯಾಸ್. ನಾನು ಇಷ್ಟು ದಿನ ಅಳೆದಿದ್ದು ನಿಮ್ಮ ಗದ್ದೇನಲ್ಲ."

"ಮತ್ತೆ ಯಾರ್ದು?"

ಕಮಲಾದೇವಿ ಪೆಟ್ಟಿಗೆಗಳನ್ನು ಕಟ್ಟತೊಡಗಿದಳು.

ಆಕೆ ಮಾರನೆಯ ದಿನವೇ ಹೋಗಿ ತನ್ನ ಮೇಲಿನ ವಿಜ್ಞಾನಿ ಜಯದೇವಪ್ಪನವರಿಗೆ ಹೇಳಿದಳು. ಜಯದೇವಪ್ಪ ಅಷ್ಟರಲ್ಲಿ ಪರದೇಶದ ಸಮ್ಮೇಳನಕ್ಕೆ ಅಂಕಿ ಕಳಿಸಿಬಿಟ್ಟಿದ್ದರು. "ರೈತ ಏನು ಹಾಕ್ತಾನೋ ಅದೇ ರೈತರ ಪದ್ಧತಿ ಕಣಮ್ಮ," ಎಂದರಂತೆ. "ತಾಕನ್ನ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತ ಬರೆದುಕೊಡ್ತೀಯಾ? ಬರೆದ್ರೆ ನಿನ್ನ ಕೆಲಸ ಮುಂದುವರಿಸೋ ಕಾಗದಕ್ಕೆ ಸಹಿ ಹಾಕೋಕೆ ನನಗಾಗಲ್ಲ." ಇದನ್ನು ಕಮಲಾದೇವಿಯೇ ಬಂದು ಮುನಿಯಕ್ಕನಿಗೆ ಹೇಳಿದಳು. ಪಾಪಯ್ಯನವರಿಗೆ ಪಾರ್ಶ್ವವಾಯು ಬಡಿದಿತ್ತು. ಮನೆಯಲ್ಲಿ ಸಂಬಳ ತರುವವಳು ಅವಳೊಬ್ಬಳೇ.

ಬೇಸಿಗೆಗೆ ಪತ್ರಿಕೆಯಲ್ಲಿ ಬಂತು: ನಗರದ ಅಂಚಿನ ಭತ್ತದ ಗದ್ದೆಗಳಿಂದ ಭೂಮಿ ಬಿಸಿಯಾಗುತ್ತಿದೆ. ಅದರ ಬೆನ್ನಿಗೇ ನೋಟೀಸು. ಗಿಡ್ಡಮ್ಮನ ಕೆರೆ ಒಡೆದು, ಕೆಳಗಿನ ಗದ್ದೆಗಳನ್ನು ಸೇರಿಸಿಕೊಂಡು ಬಡಾವಣೆ ಮಾಡುತ್ತಾರೆ. ತಕರಾರಿದ್ದವರು ಜಯನಗರದ ಕಚೇರಿಗೆ ಬಂದು ಹೇಳಬೇಕು.

ಊರು ಲಾರಿಯಲ್ಲಿ ಹೋಯಿತು. ಕಚೇರಿಯ ಅಂಗಳದಲ್ಲಿ ಸಾಹೇಬರ ಜೀಪು ನಿಂತಲ್ಲೇ ಗುರುಗುಟ್ಟುತ್ತಿತ್ತು. ಬ್ಯಾಟರಿ ಸತ್ತಿದೆ, ಆಫ್ ಮಾಡಿದರೆ ತಳ್ಳಬೇಕಾಗುತ್ತದೆ ಎಂದು ಡ್ರೈವರ್ ಅದನ್ನು ಬೆಳಗಿನಿಂದಲೂ ಚಾಲೂ ಇಟ್ಟಿದ್ದ. ಕಪ್ಪು ಹೊಗೆ ಕಿಟಕಿಯಿಂದ ಒಳಗೇ ಬರುತ್ತಿತ್ತು. ಸಾಹೇಬರು ಕೆಮ್ಮುತ್ತ ಪತ್ರಿಕೆಯ ತುಣುಕನ್ನು ಎತ್ತಿ ತೋರಿಸಿದರು.

"ನೋಡ್ರಪ್ಪ, ಕೆರೆಯಿಂದ ಸೊಳ್ಳೆ, ಗದ್ದೆಯಿಂದ ಗ್ಯಾಸು. ಇದನ್ನ ಹೇಳ್ತಿರೋದು ನಾನಲ್ಲ, ಸೈನ್ಸು. ಮುಚ್ಚಿದ್ರೆ ನಿಮಗೂ ಒಳ್ಳೇದು, ಪ್ರಪಂಚಕ್ಕೂ ಒಳ್ಳೇದು."

"ಸಾಮಿ," ಎಂದ ಪಿಳ್ಳಣ್ಣ, "ನಿಮ್ ಜೀಪ್ಗೂ ಒಂದು ಪೆಟ್ಟಿಗೆ ಕವುಚಿ ನೋಡ್ಬಾರ್ದಾ?"

ಊರು ನಕ್ಕಿತು. ಸಾಹೇಬರೂ ನಕ್ಕರು. ನಗು ಮುಗಿದ ಮೇಲೆ ಜೀಪು ಹಾಗೇ ಗುರುಗುಟ್ಟುತ್ತಿತ್ತು, ಕಾಗದ ಮೇಜಿನ ಮೇಲೆ ಹಾಗೇ ಇತ್ತು. ಇಟ್ಟಿಗೆ ಗೂಡುಗಳ ಹೊಗೆಯನ್ನು, ಜಯನಗರದ ರಸ್ತೆರಸ್ತೆಯ ಕಾರುಗಳನ್ನು, ಕೆರೆಯ ಮೇಲೆ ಬರಲಿರುವ ಮನೆಗಳ ಸಿಮೆಂಟನ್ನು ಅಳೆಯಿರಿ ಎಂದು ಸರ್ಕಾರ ಯಾರನ್ನೂ ಕಳಿಸಿರಲಿಲ್ಲ. ಅನ್ನ ಬೆಳೆಯುವವಳ ಕೆಸರನ್ನು ಅಳೆಯಲು ಕಳಿಸಿತ್ತು. ಅಳೆಸಿಕೊಂಡವರದು ಅಪರಾಧವಾಯಿತು. ಅಳೆಯದೆ ಬಿಟ್ಟದ್ದು ಅಭಿವೃದ್ಧಿಯಾಯಿತು.

ಜಯದೇವಪ್ಪ ಎದ್ದು ಅಂಕಿ ಸರಿಯೆಂದರು. ಅವರ ಬೆನ್ನ ಹಿಂದಿನ ಕುರ್ಚಿಯಲ್ಲಿ ಕಮಲಾದೇವಿ ಇದ್ದಳು.

"ಇದರ ಬಗ್ಗೆ ರೈತರು ಹೇಳೋದೇನಾದ್ರೂ ಇದೆಯಾ?" ಎಂದು ಸಾಹೇಬರು ಕೇಳಿದರು.

ಮುನಿಯಕ್ಕ ಎದ್ದು ನಿಂತಳು. ಮಾತು ನಾಲಗೆಯ ತುದಿಯಲ್ಲಿತ್ತು: ಅದು ನನ್ನ ಗದ್ದೆ ಅಲ್ಲ ಸಾಮಿ, ನಾನು ಸೊಪ್ಪು ಹೆಚ್ಚಿಗೆ ತುಳಿದೆ. ಆಗ ಕಮಲಾದೇವಿ ತಲೆಯೆತ್ತಿ ಅವಳನ್ನೇ ನೋಡಿದಳು. ಕಣ್ಣು ತುಂಬಿತ್ತು. ಆ ನೋಟ ಮುನಿಯಕ್ಕನಿಗೆ ಬೇಡ ಅಕ್ಕ ಎಂದ ಹಾಗೆ ಕಂಡಿತು. ಹಾಸಿಗೆ ಹಿಡಿದ ಪಾಪಯ್ಯ ನೆನಪಾದರು. ಆವತ್ತಿನ ಬೊಗಸೆ ನೆನಪಾಯಿತು. ಒಮ್ಮೆ ಬಗ್ಗಿಸಿದವಳನ್ನು ಮತ್ತೊಮ್ಮೆ ಬಗ್ಗಿಸುವುದೇ?

"ಏನಿಲ್ಲ ಸಾಮಿ," ಎಂದು ಕೂತಳು.

ಮಳೆಗಾಲಕ್ಕೆ ಮುಂಚೆ ಏರಿ ಕಡಿದರು. ಕೆರೆಯ ನೀರು ಹರಿದುಹೋಯಿತು, ಅದರ ಹಿಂದೆಯೇ ಊರ ಬಾವಿಗಳ ನೀರೂ ಇಳಿಯಿತು. ಬೋಳಿಸಿದ ಹೊಂಗೆಮರಗಳು ಚಿಗುರಿದ್ದವು. ಅವನ್ನು ಬುಡಸಮೇತ ಕಿತ್ತು ಇಟ್ಟಿಗೆ ಗೂಡಿನವರು ಕೊಂಡೊಯ್ದರು.

ಕಮಲಾದೇವಿ ಕೊನೆಯ ಸಲ ಬಂದದ್ದು ಎಂಬತ್ತೆಂಟರಲ್ಲಿ. ಯೋಜನೆ ಮುಗಿದಿತ್ತು. ಕೆಲಸದ ಕಾಗದಕ್ಕೆ ಜಯದೇವಪ್ಪ ಸಹಿ ಹಾಕಿರಲಿಲ್ಲ. ಬರೆದುಕೊಟ್ಟಿದ್ದರೂ ಹೋಗುತ್ತಿದ್ದ ಕೆಲಸ ಬರೆದುಕೊಡದೆಯೂ ಹೋಗಿತ್ತು. ಚಾಮರಾಜನಗರದ ಕಡೆ ಯಾವುದೋ ಹೈಸ್ಕೂಲಿಗೆ ಟೀಚರಾಗಿ ಹೊರಟಿದ್ದಳು.

"ಅವತ್ತು ನೀವು ಎದ್ದು ನಿಂತಾಗ," ಎಂದಳು ಜಗಲಿಯಲ್ಲಿ ಕೂತು, "ಹೇಳ್ತೀರಿ ಅಂತ ಕಾಯ್ತಿದ್ದೆ ಅಕ್ಕ. ನೀವು ಹೇಳಿದ್ದಿದ್ರೆ ನಾನೂ ಎದ್ದು ಹೌದು ಅಂತಿದ್ದೆ. ಹೇಳಿ ಅಂತ್ಲೇ ನೋಡ್ದೆ ನಿಮ್ಮ ಕಡೆ."

ಮುನಿಯಕ್ಕ ಅವಳ ಕಡೆ ತಿರುಗಿದಳು.

"ಅಷ್ಟೊಂದು ಓದ್ದೋಳು ನೀನು, ಹೆಬ್ಬೆಟ್ಟಿನೋಳ ಬಾಯಿಗೆ ಕಾದ್ಯಾ? ನಾ ನಿನ್ನ ಕೆಲ್ಸ ಉಳ್ಸಕ್ಕೆ ಬಾಯಿ ಮುಚ್ಕಂಡೆ ಕಣಮ್ಮಿ!"

"ಗೊತ್ತಾಗ್ಲಿಲ್ಲ ಅಕ್ಕ."

"ಇಬ್ರೂವೆ ಬಾಯಿ ಬಿಟ್ಟಿದ್ರೆ ಉಳೀತಿತ್ತಾ ಗದ್ದೆ?"

"ಉಳೀತಿರಲಿಲ್ವೇನೋ. ಬೇರೇನಾದ್ರೂ ನೆಪ ಹುಡುಕ್ತಿದ್ರು. ಆದ್ರೆ ನಮ್ಮ ನೆಪ ಸಿಗ್ತಿರಲಿಲ್ಲ."

ದಿಣ್ಣೆಯಾಚೆ ಒಂದು ಲಾರಿ ಮಣ್ಣು ಸುರಿಯಿತು. ತೂಬಿನ ಜಾಗ ಈಗ ಯಾವುದೆಂದು ಇಬ್ಬರಿಗೂ ತಿಳಿಯುವಂತಿರಲಿಲ್ಲ.

"ಒಂದು ಕೇಳ್ಲಾ?" ಎಂದಳು ಕಮಲಾದೇವಿ. "ಅಷ್ಟೊಂದು ಸೊಪ್ಪು ಯಾಕೆ ಹಾಕಿದ್ರಿ? ನಾನು ಕೇಳಿರಲಿಲ್ಲವಲ್ಲ."

ಮುನಿಯಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಮೊದಲ್ನೇ ದಿವ್ಸ... ನೀರ ಮೇಲಿಂದ ಹುಯ್ದೆನಲ್ಲ. ಅದುಕ್ಕೆ."

ಕಮಲಾದೇವಿ ಸೀರೆಯ ಅಂಚಿನ ಕೆಂಪು ಧೂಳನ್ನು ಕೊಡವಿದಳು. ಆಮೇಲೆ, ಕೋಪವಿಲ್ಲದ ದನಿಯಲ್ಲಿ, "ಅದಕ್ಕೆ ಒಂದು ಲೋಟ ಸಾಕಿತ್ತಲ್ಲ ಅಕ್ಕ," ಎಂದಳು.

ಮುನಿಯಕ್ಕ ಒಳಗೆ ಹೋದಳು. ಬಾವಿ ಬತ್ತಿದ ಮೇಲೆ ಮನೆಯ ನೀರೆಲ್ಲ ಹಿತ್ತಲಿನ ಟಾರು ಡ್ರಮ್ಮಿನಲ್ಲಿ. ಟ್ಯಾಂಕರು ಬಂದಾಗ ಹಿಡಿದದ್ದು. ಬಿಸಿಲಿಗೆ ಕಾದಿತ್ತು, ಮೇಲೆ ಇಟ್ಟಿಗೆಯ ಧೂಳಿನ ತೆಳ್ಳನೆಯ ಕೆನೆ. ಹಿತ್ತಾಳೆ ಲೋಟದಿಂದ ಧೂಳು ಸರಿಸಿ ತುಂಬಿಕೊಂಡು ಬಂದು, ಹುಡುಗಿಯ ಕೈಗೇ ಕೊಟ್ಟಳು. ಬೆರಳಿಗೆ ಬೆರಳು ತಾಗಿತು.

ಕಮಲಾದೇವಿ ತುಟಿಯಿಟ್ಟು ಒಂದು ಗುಟುಕು ಕುಡಿದಳು. ಮುಖ ಕಿವುಚಲಿಲ್ಲ. ಆದರೆ ಎರಡನೇ ಗುಟುಕು ಆಕೆಗೆ ಇಳಿಯಲಿಲ್ಲ.

"ತಣ್ಣಗಿತ್ತಲ್ವಾ ಅಕ್ಕ, ಅವತ್ತಿನ ನೀರು," ಎಂದಳು.

"ಊಂ. ಕೆರೆ ಇತ್ತಲ್ಲ," ಎಂದಳು ಮುನಿಯಕ್ಕ.