ಮೀಸಲು ಹಾಲಿನ ಸೀಸದ ಕಲ್ಲು

ಆ ಬೆಳಗ್ಗೆ ಮಂಜು ಎಷ್ಟು ಕವಿದಿತ್ತೆಂದರೆ ಹಟ್ಟಿಯ ದನಗಳು ಕಣ್ಣಿಗೆ ಬೀಳುತ್ತಿರಲಿಲ್ಲ. ಕೊರಳ ಗಂಟೆಗಳಷ್ಟೇ ಗುಡ್ಡ ಹತ್ತುತ್ತಿದ್ದವು. ಅಂಥ ಹೊತ್ತಿನಲ್ಲಿ ವರದರಾಜು ಎಂಬ ಭೂವಿಜ್ಞಾನಿ ನನ್ನೆದುರು ಮಂಡಿಯೂರಿ ಕುಳಿತ.

ನಾನು ಒಂದು ಸೀಸದ ಅದಿರಿನ ಕಲ್ಲು. ನೋಡಲು ತೆಂಗಿನಕಾಯಿಯಷ್ಟು, ಎತ್ತಿದರೆ ಆರು ತಿಂಗಳ ಕೂಸಿನಷ್ಟು ಭಾರ. ಭೂಮಿತಾಯಿಯ ಒಡಲಲ್ಲಿ, ಬಂಡೆಯ ಬಿರುಕುಗಳಲ್ಲಿ ಹರಿದ ಬಿಸಿನೀರು ಆರುತ್ತಾ ಬಂದಾಗ ಹುಟ್ಟಿದವನು. ಕಂದು ಬಣ್ಣದ ಸತುವಿನ ಅದಿರು ನನ್ನ ಒಡಹುಟ್ಟು. ಮೂರು ಗುಡ್ಡದಾಚೆ ನಮ್ಮ ತವರು. ಮಳೆಗೆ ಮಣ್ಣು ಸರಿದಾಗ ನನ್ನ ಹೊಳಪು ಕಂಡ ದನಗಾಹಿಯೊಬ್ಬ ಕೈಮುಗಿದು, ಕಂಬಳಿಯಲ್ಲಿ ಕಟ್ಟಿ ತಂದು ಹಟ್ಟಿಯ ಬಾಗಿಲಲ್ಲಿ ನಿಲ್ಲಿಸಿದ. ಅಂದಿನಿಂದ ಹಸು ಕರು ಹಾಕಿದರೆ ಮೊದಲ ಹಾಲು ನನಗೇ ಮೀಸಲು. ಅದನ್ನು ಎರೆಯುತ್ತಿದ್ದವಳು ಅವನ ಮರಿಮಗಳು ಕ್ಯಾತಮ್ಮ.

"ತಾಯೀ, ಇದನ್ನ ಪರೀಕ್ಷೆ ಮಾಡಿಸಿ ತಂದ್ಕೊಡ್ತೀನಿ" ಎಂದ ವರದರಾಜು.

"ನಮ್ ದೇವ್ರು ದನದ ಹಿಂದೆ ಅಲೆದೋನೇ ಕಣಪ್ಪ, ಹೋಗ್ ಬರ್ಲಿ. ಆದ್ರೆ ಜಾಗ ಬರಿದಾಗಬಾರ್ದು, ನಿಂದೂ ಏನಾರ ಇಡು" ಎಂದಳು ಕ್ಯಾತಮ್ಮ.

ಅವನು ನನ್ನನ್ನು ಚೀಲಕ್ಕೆ ಹಾಕಿ, ಆ ಜಾಗದಲ್ಲಿ ತನ್ನ ಸುತ್ತಿಗೆಯನ್ನು ಇಟ್ಟ. ಅಷ್ಟರಲ್ಲಿ ಹಟ್ಟಿಯ ಹಿರಿಯ ದೊಡ್ಡೀರಪ್ಪ ಬಂದ.

"ದೇವ್ರನ್ನ ಕೊಟ್ಟು ಸುತ್ತಿಗೆ ಇಟ್ಕಂಡ್ಯಾ? ಭೇಷ್! ನಾಳೆ ಒಂದು ಕುಲುಮೆನೂ ಹಾಕ್ಸವ್ವ." ಆಮೇಲೆ ದನಿ ಗಡುಸಾಯಿತು. "ಕಲ್ಲು ಬರಾಗಂಟ ಮೀಸಲು ಹಾಲು ನಿನ್ ಕೈಯಾಗೆ ಬ್ಯಾಡ."

ಚೀಲದೊಳಗಿದ್ದ ನನಗೆ, ಆಕೆ ಸುತ್ತಿಗೆಯನ್ನು ಸರಿಪಡಿಸಿ ಇಡುವ ಸದ್ದಷ್ಟೇ ಕೇಳಿಸಿತು.

ಪಟ್ಟಣದಲ್ಲಿ ನನ್ನ ಒಂದು ಮೂಲೆ ಕೊಯ್ದು ಪುಡಿ ಮಾಡಿದರು. ಸೀಸ, ಸತು ಎರಡೂ ಧಾರಾಳವೆಂದು ವರದಿ ಬಂತು. ಕಲ್ಲು ಇದ್ದ ಕಡೆಯೇ ಅದಿರೂ ಇರಬೇಕೆಂದು ಹಟ್ಟಿಯ ಹಿಂದೆಯೇ ಮೂರು ಕಡೆ ಕೊರೆದರು. ಕೋಲುಕೋಲಾಗಿ ಮೇಲೆ ಬಂದದ್ದು ಬರೀ ಕಪ್ಪು ಬಂಡೆ. ಅಯ್ಯೋ, ನನಗೆ ಬಾಯಿದ್ದಿದ್ದರೆ!

ನಾನು ಕಚೇರಿಯ ಸ್ವತ್ತಾದೆ. ನನ್ನನ್ನು ಹಟ್ಟಿಗೆ ಮರಳಿಸಲು ವರದರಾಜು ಮೂರು ಸಲ ಅರ್ಜಿ ಬರೆದ. ಕೊನೆಗೆ ಅವನಿಗೇ ವರ್ಗವಾಯಿತು. ಉಗ್ರಾಣದ ಕತ್ತಲಲ್ಲಿ, ಬೆನ್ನಿಗೆ ಹದಿನೇಳನೆಯ ಸಂಖ್ಯೆ ಹೊತ್ತು, ಇಪ್ಪತ್ತೆರಡು ವರ್ಷ ಹಾಲಿನ ಬಿಸುಪನ್ನು ನೆನೆಯುತ್ತ ಕೂತೆ. ಉಗ್ರಾಣ ಖಾಲಿ ಮಾಡಿ ನಮ್ಮನ್ನೆಲ್ಲ ಹೊರಗೆ ಸುರಿದ ದಿನ, ನಿವೃತ್ತನಾಗಿದ್ದ ವರದರಾಜು ಬಂದು ರಾಶಿಯಲ್ಲಿ ನನ್ನನ್ನು ಹುಡುಕಿ ಎತ್ತಿಕೊಂಡ.

ಹಟ್ಟಿಯಲ್ಲಿ ಕ್ಯಾತಮ್ಮನ ತಲೆ ನರೆತಿತ್ತು. ನನ್ನ ಕೊಯ್ದ ಮೂಲೆಯನ್ನು ಗಾಯ ಸವರುವಂತೆ ಸವರಿದಳು.

"ಇದು ಹುಟ್ಟಿದ ಜಾಗ ಹುಡುಕಿ ಸೋತೆವಮ್ಮ" ಎಂದ ಅವನು.

"ಇಲ್ಲಿ ಕೊರೆದ್ರೆ ಎಲ್ಲಿ ಸಿಕ್ತದೆ ಸಾಮಿ? ನಮ್ ಮುತ್ತಾತ ಮೂರು ಗುಡ್ಡದಾಚೆಯಿಂದ ಹೊತ್ಕಂಡ್ ಬಂದಿದ್ದು. ಕೇಳಿದ್ರೆ ನಾನೇ ಹೇಳ್ತಿದ್ನಲ್ಲ!"

ವರದರಾಜು ತಲೆ ಮೇಲೆ ಕೈಹೊತ್ತು ಕೂತ. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವನ ಸುತ್ತಿಗೆಗೆ ತುಕ್ಕಿನ ಚುಕ್ಕೆಯೂ ಇರಲಿಲ್ಲ. ವಾರವಾರ ಹರಳೆಣ್ಣೆ ಸವರಿ ಕಾಪಾಡಿದ್ದಳು.

ಹುಟ್ಟಿದ್ದು ಎಲ್ಲೋ, ಆದರೆ ನನಗಾಗಿ ಒಬ್ಬಳು ಜಾಗ ಕಾದದ್ದು ಇಲ್ಲಿ. ನನಗೆ ಇದೇ ತವರು.

ಒಳಗೆ ಹಸುವೊಂದು ಹಿಂದಿನ ದಿನವಷ್ಟೇ ಕರು ಹಾಕಿತ್ತು. ಮುದುಕ ದೊಡ್ಡೀರಪ್ಪ ಕೋಲೂರಿಕೊಂಡು ಬಂದ. ಮೀಸಲು ಹಾಲಿನ ಚೆಂಬನ್ನು ಎರಡೂ ಕೈಯಲ್ಲಿ ಹಿಡಿದು ಕ್ಯಾತಮ್ಮನ ಮುಂದೆ ಚಾಚಿದ.