ಮೇಜಿಗೆ ಬಾರದ ಪೊಟ್ಟಣ

ಭಾನುವಾರ ಮಧ್ಯಾಹ್ನವಾಯಿತೆಂದರೆ ಸೋಫಾ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂರು ಗಂಡಸರು ಸೇರುತ್ತಿದ್ದರು. ಮೊದಲು ನಾಲ್ವರಿದ್ದರು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲಿಂದ ರೆಕ್ಸಿನ್ ತುಂಡು, ಮೊಳೆ ಡಬ್ಬಿ, ಕತ್ತರಿ ಎಲ್ಲ ಒತ್ತಟ್ಟಿಗೆ ಸರಿದು, ಅಲ್ಲಿ ಗಾಳ, ಗಾಳದ ಕೋಲು, ದಾರ ಸುತ್ತುವ ರೀಲು, ಬಂದೂಕಿಗೆ ಹಾಕುವ ದುರ್ಬೀನು ಬಂದು ಕೂರುತ್ತಿದ್ದವು. ಯಾರು ಏನು ಹೊಸದಾಗಿ ಕೊಂಡರೋ ಅದನ್ನು ತಂದು ತೋರಿಸಬೇಕು, ಉಳಿದವರು ಹೊಟ್ಟೆ ಉರಿದುಕೊಳ್ಳಬೇಕು. ಇಷ್ಟೇ ಕಾರ್ಯಕ್ರಮ. ಹೆಂಡತಿಯರು ಇದಕ್ಕೆ ಹುಚ್ಚರ ಸಂತೆ ಎಂದು ಹೆಸರಿಟ್ಟಿದ್ದರು. ಸುಳ್ಳೇನೂ ಅಲ್ಲ ಬಿಡಿ.

ಅಂಗಡಿಯ ಯಜಮಾನನನ್ನು ಊರೆಲ್ಲ ಸೋಫಾ ಎಂದೇ ಕರೆಯುತ್ತಿತ್ತು. ಅವನ ಹೊಟ್ಟೆ, ಭುಜ ನೋಡಿದರೆ ಆ ಹೆಸರು ಬರೀ ಕಸುಬಿನಿಂದ ಬಂದಿದ್ದಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಮೇಜಿಗೊಂದು ಕಟ್ಟಳೆ ಇತ್ತು, ಅದನ್ನು ಮಾಡಿದವನೂ ಅವನೇ. ಹೊಸ ಸಾಮಾನನ್ನು ಬಿಚ್ಚದೆ ಪೊಟ್ಟಣದ ಸಮೇತ ತರಬೇಕು. ಅದು ಕೈಯಿಂದ ಕೈಗೆ ಹೋಗಬೇಕು, ಒಳಗೇನಿದೆ ಅಂತ ಎಲ್ಲರೂ ಒತ್ತಿ, ಅಲುಗಾಡಿಸಿ ಊಹಿಸಬೇಕು. ಬಿಚ್ಚುವುದು ಆಮೇಲೆ. ಎಲ್ಲರೂ ನೋಡಿ ಮುಗಿದ ಮೇಲೆ ಸೋಫಾ ಮೇಜು ತಟ್ಟಿ ‘ನೀರಿಗಿಳಿಸಬಹುದು’ ಅನ್ನಬೇಕು. ಅಲ್ಲಿಯ ತನಕ ಅದನ್ನು ಬಳಸುವ ಹಾಗಿಲ್ಲ. ಬಂದೂಕಿನ ಸಾಮಾನಿಗೂ ಇದೇ ಮಾತು. ದುರ್ಬೀನನ್ನು ಯಾವ ನೀರಿಗೆ ಇಳಿಸುತ್ತಾರೋ ದೇವರೇ ಬಲ್ಲ, ಆದರೆ ಮಾತು ಮಾತೇ.

ಒಮ್ಮೆ ಡ್ರಾಯಿಂಗ್ ಮೇಷ್ಟ್ರು ತಡೆಯಲಾರದೆ, ಹೊಸ ಕಿವಿಮುಚ್ಚಳವನ್ನು ಮೇಜಿಗೆ ತರುವ ಮೊದಲೇ ಹಾಕಿಕೊಂಡು ಗುರಿ ಹೊಡೆಯುವ ಕ್ಲಬ್ಬಿಗೆ ಹೋಗಿಬಂದಿದ್ದರು. ಸೋಫಾ ಅವರನ್ನು ಅಂದು ಒಳಗೇ ಬಿಡಲಿಲ್ಲ. ಹೊರಗೆ ಸ್ಟೂಲು ಹಾಕಿ ಕೂರಿಸಿ, ಚಹಾವನ್ನೂ ಕಿಟಕಿಯಿಂದಲೇ ಕೊಟ್ಟ. ಭಾವ, ಅಂದರೆ ಸೋಫಾನ ಅಕ್ಕನ ಗಂಡ, ಅವತ್ತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಸಣಕಲು ಮೈಯ ಮನುಷ್ಯ, ನಕ್ಕರೆ ಪಕ್ಕೆಲುಬು ಎಣಿಸಬಹುದಿತ್ತು. ಕಟ್ಟಳೆಯನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದವರೂ ಅವರೇ. ಹೆಂಡತಿಯ ತಮ್ಮ ಮಾಡಿದ ಕಾನೂನಲ್ಲವೇ, ಮುರಿದರೆ ಮನೆಯಲ್ಲಿ ಊಟ ಸಿಗುವುದಿಲ್ಲ ಎನ್ನುತ್ತಿದ್ದರು.

ಆ ಭಾವ ಹೋದ ಚಳಿಗಾಲದ ಒಂದು ಶನಿವಾರ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋದರು. ದೋಣಿಯಲ್ಲಿ ಇದ್ದವರು ಅವರು ಮತ್ತು ಸೋಫಾ ಇಬ್ಬರೇ. ಗಾಳ ಎಲ್ಲೋ ಬುಡದಲ್ಲಿ ಸಿಕ್ಕಿಕೊಂಡಿತು, ಬಿಡಿಸಲು ಭಾವ ಬಗ್ಗಿದರು, ದೋಣಿ ಮಗುಚಿತು. ಸೋಫಾನ ಕೈಗೆ ದೋಣಿಯ ಅಂಚು ಸಿಕ್ಕಿತು. ಭಾವನಿಗೆ ಏನೂ ಸಿಗಲಿಲ್ಲ.

ಅಂದಿನಿಂದ ಸೋಫಾನಿಗೆ ಏನೂ ಆಗಿರಲಿಲ್ಲ. ಅದೇ ತೊಂದರೆ. ಅಳು ಬರಲಿಲ್ಲ. ಊಟಕ್ಕೆ ಕೂತರೆ ಹತ್ತಿ ಅಗಿದ ಹಾಗೆ. ಗಿರಾಕಿ ಬೈದರೆ ಹೂಂ, ಹೊಗಳಿದರೂ ಹೂಂ. ಮೊನ್ನೆ ಕುರ್ಚಿಯ ಸೀಟು ಹೊಲಿಯುವಾಗ ದಬ್ಬಳ ಬೆರಳಿಗೆ ಹೊಕ್ಕಿದ್ದು ಬಿಳಿ ಬಟ್ಟೆಯ ಮೇಲೆ ರಕ್ತ ಕಂಡಾಗಲೇ ಗೊತ್ತಾಯಿತು. ಅಕ್ಕನ ಮನೆಗೆ ಹೋಗುವುದನ್ನು ನಾಳೆ, ನಾಳಿದ್ದು ಅಂತ ತಳ್ಳುತ್ತಲೇ ಬಂದಿದ್ದ. ಅಪ್ಪ ಅಮ್ಮ ಇಲ್ಲದ ಅವನಿಗೆ ತನ್ನವರು ಅಂತ ಉಳಿದವಳು ಆ ಅಕ್ಕ ಒಬ್ಬಳೇ.

ಮೂವರಲ್ಲಿ ಒಬ್ಬರೂ ಆಮೇಲೆ ನೀರಿನ ಕಡೆ ತಲೆ ಹಾಕಿರಲಿಲ್ಲ. ಬಂದೂಕುಗಳೂ ಬೀರುವಿನಿಂದ ಹೊರಬಿದ್ದಿರಲಿಲ್ಲ. ಕೊಳ್ಳುವುದು ಮಾತ್ರ ನಿಂತಿರಲಿಲ್ಲ, ಮೊದಲಿಗಿಂತ ಜಾಸ್ತಿಯೇ ಆಗಿತ್ತು. ಕೊಂಡು ತರುವರು, ಮುಟ್ಟುವರು, ಸೋಫಾ ಮೇಜು ತಟ್ಟುವನು. ಸಾಮಾನು ಮತ್ತೆ ಪೆಟ್ಟಿಗೆಯೊಳಗೆ ಸೇರುವುದು.

ಈ ಭಾನುವಾರವೂ ಹಾಗೆಯೇ ನಡೆದಿತ್ತು. ಗುಂಪಿನ ಮೂರನೆಯವರಾದ ಹಲ್ಲಿನ ಡಾಕ್ಟರು ಹೊಸ ದುರ್ಬೀನು ತಂದಿದ್ದರು. ಮೇಷ್ಟ್ರು ಅದನ್ನು ಕಣ್ಣಿಗಿಟ್ಟು ಎದುರು ಗೋಡೆಯ ಕ್ಯಾಲೆಂಡರ್ ನೋಡಿದರು.

“ಹೆಂಗಿದೆ?” ಡಾಕ್ಟರು ಕೇಳಿದರು.

“ತಾರೀಖು ಚೆನ್ನಾಗಿ ಕಾಣತ್ತೆ.”

“ಅಯ್ಯೋ, ಅದಕ್ಕಾ ಇಷ್ಟು ಸುರಿದಿದ್ದು ನಾನು!”

ಸೋಫಾ ಮೇಜು ತಟ್ಟಲು ಕೈ ಎತ್ತಿದ್ದ. ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕಂಕುಳಲ್ಲಿ ಒಂದು ದೊಡ್ಡ ಪೊಟ್ಟಣ.

ಡಾಕ್ಟರು ದಡಬಡಿಸಿ ಎದ್ದು ಕುರ್ಚಿ ಕೊಟ್ಟರು. ಅವಳು ಕೂರಲಿಲ್ಲ. ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು.

“ಇಳಿದುಹೋಗಿದ್ದೀಯಲ್ಲೋ. ನನ್ನ ಮನೆ ದಾರಿ ಮರೆತುಹೋಯ್ತಾ?”

“ಕೆಲಸ ಅಕ್ಕ.”

“ಹೂಂ, ಕೆಲಸ. ಕಾಣ್ತಿದೆ.” ಅವಳು ಮೇಜಿನ ಮೇಲಿದ್ದ ದುರ್ಬೀನು ನೋಡಿ ಸ್ವಲ್ಪ ನಕ್ಕಳು. “ಬೀರು ಖಾಲಿ ಮಾಡ್ತಿದ್ದೆ, ಇದು ಸಿಕ್ತು. ಅವರು ಹೋಗೋ ಹಿಂದಿನ ದಿನ ಬಂದಿದ್ದು. ಏನ್ರೀ ಅದು, ಬಿಚ್ಚಿ ನೋಡೋಣ ಅಂದೆ. ‘ಸುಮ್ನಿರು ಮಾರಾಯ್ತಿ, ಭಾನುವಾರ ಮೇಜಿಗೆ ಹೋಗ್ಬೇಕು, ಈಗ ಬಿಚ್ಚಿದ್ರೆ ನಿನ್ ತಮ್ಮ ನನ್ನನ್ನೂ ಸ್ಟೂಲ್ ಮೇಲೆ ಕೂರಿಸ್ತಾನೆ’ ಅಂದ್ರು. ಮಕ್ಕಳ ಥರ ಬಚ್ಚಿಟ್ಟಿದ್ರು.” ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. “ನಾನೂ ಬಿಚ್ಚಿಲ್ಲ. ಅವರಿಗೆ ಆಸೆ ಇತ್ತಲ್ಲ, ನಿಮ್ಮ ಮಧ್ಯದಲ್ಲೇ ಬಿಚ್ಚೋಣ ಅಂತ ತಂದೆ.”

ಕಟ್ಟಳೆಯ ಪ್ರಕಾರ ಪೊಟ್ಟಣ ಮೊದಲು ಮೇಷ್ಟ್ರ ಕೈಗೆ ಹೋಯಿತು. ಅವರು ಅಲುಗಾಡಿಸಿದರು. ಸದ್ದಿಲ್ಲ. “ಗಾತ್ರ ಇದೆ, ತೂಕ ಇಲ್ಲ. ಮೀನಿನ ಬಲೆ ಇರಬೇಕು,” ಎಂದರು. ಡಾಕ್ಟರು ಎರಡೂ ಕೈಯಲ್ಲಿ ಒತ್ತಿದರು. ಅವರ ಮುಖ ಏಕೋ ಸಣ್ಣಗಾಯಿತು. “ಚಳಿ ಕೋಟು,” ಎಂದು ಬೇಗ ಹೇಳಿ ಸೋಫಾನ ಕಡೆ ದೂಡಿಬಿಟ್ಟರು.

ಸೋಫಾ ಒಮ್ಮೆ ಒತ್ತಿದ, ಅಷ್ಟೇ. ಒಳಗಿದ್ದದ್ದು ಬಲೆಯಲ್ಲ, ಕೋಟಲ್ಲ. ಜೀವಮಾನವಿಡೀ ಫೋಮು ಕತ್ತರಿಸಿದ ಕೈ ಅದು. ಒತ್ತಿದರೆ ಕುಸಿದು ನಿಧಾನವಾಗಿ ಏಳುವ ಫೋಮು ಕುರ್ಚಿಯದ್ದು. ಇದು ಕುಸಿಯದೆ ಬೆರಳನ್ನು ಹಿಂದಕ್ಕೆ ತಳ್ಳುತ್ತಿತ್ತು. ನೀರು ಕುಡಿಯದ ಫೋಮು, ಪಟ್ಟಿಪಟ್ಟಿಯಾಗಿ ಹೊಲಿದದ್ದು. ಇದನ್ನು ಒಂದೇ ಒಂದು ವಸ್ತುವಿಗೆ ಬಳಸುತ್ತಾರೆ.

ಬಿಚ್ಚಿದರೆ ಅಕ್ಕ ಹೋಗಿಬಿಡುತ್ತಾಳೆ ಎಂದು ಅವನಿಗೆ ಅನ್ನಿಸಿತು. ಈ ಕೋಣೆಯಿಂದಲ್ಲ, ತನ್ನ ಬದುಕಿನಿಂದಲೇ. ಹರಿದಿದೆ, ಕಂಪನಿಗೆ ವಾಪಸು ಕಳಿಸೋಣ ಅನ್ನಬಹುದಿತ್ತು. ಆಮೇಲೆ ಬಿಚ್ಚೋಣ ಅಂತ ಅಟ್ಟದ ಮೇಲೆ ಎಸೆಯಬಹುದಿತ್ತು. ಅಕ್ಕ ನಂಬುತ್ತಿದ್ದಳು. ಅವಳು ಅವನ ಮಾತನ್ನು ಯಾವತ್ತೂ ತೆಗೆದುಹಾಕಿದವಳಲ್ಲ.

“ನೀನೇನಂತೀಯೋ?” ಅಕ್ಕ ಕೇಳಿದಳು. “ಊಹಿಸು. ನಿನ್ನ ಸರದಿ ಅಲ್ವಾ?”

ಅವಳ ಮುಖದಲ್ಲಿ ಇಷ್ಟು ತಿಂಗಳ ಮೇಲೆ ಒಂದು ಕುತೂಹಲ ಬಂದಿತ್ತು. ಸೋಫಾ ಪೊಟ್ಟಣವನ್ನು ತನ್ನ ಕಡೆ ಎಳೆದುಕೊಂಡ. ಕತ್ತರಿ ತೆಗೆದುಕೊಂಡ. ಗಿರಾಕಿಯ ಕುರ್ಚಿಯ ಹಳೆ ಬಟ್ಟೆ ಬಿಚ್ಚುವ ಹಾಗೆಯೇ ಅಂಚಿನಿಂದ ಅಂಚಿಗೆ ಕತ್ತರಿಸಿದ.

ಕಿತ್ತಳೆ ಬಣ್ಣದ ಎರಡು ಜಾಕೀಟು. ನೀರಿನಲ್ಲಿ ತೇಲಿಸುವಂಥವು.

ಮೇಷ್ಟ್ರು ಬಾಗಿಲ ಕಡೆ ನೋಡಿದರು. ಡಾಕ್ಟರು ದುರ್ಬೀನಿನ ಗಾಜನ್ನು ಅಂಗಿಯ ತುದಿಯಿಂದ ಒರೆಸತೊಡಗಿದರು. ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಅಕ್ಕ ಚಿಕ್ಕದನ್ನು ಎತ್ತಿ ನೋಡಿದಳು, ಕೆಳಗಿಟ್ಟಳು. ದೊಡ್ಡದನ್ನು ಎತ್ತಿದಳು. “ಇಷ್ಟು ದೊಡ್ಡದು ಯಾರಿಗೆ...” ಎಂದವಳು ಮಾತು ಅಲ್ಲೇ ಬಿಟ್ಟಳು. ತಮ್ಮನ ಹೊಟ್ಟೆಯನ್ನು ನೋಡಿದಳು. ಬಾಗಿಲ ಹೊರಗಿದ್ದ ಸ್ಟೂಲನ್ನು ನೋಡಿದಳು. ಅವಳ ಮುಖದಲ್ಲಿದ್ದ ಕುತೂಹಲ ಇಳಿಯುತ್ತ ಇಳಿಯುತ್ತ ಪೂರ್ತಿ ಹೋಯಿತು.

“ಮನೇಲೇ ಇತ್ತು,” ಎಂದಳು. ಯಾರಿಗೂ ಹೇಳಿದ್ದಲ್ಲ ಅದು. “ಅವತ್ತು ಬೆಳಗ್ಗೆ ಚಪ್ಪಲಿ ಹಾಕ್ಕೊಳ್ಳೋವಾಗ ಅವರು ಇದನ್ನ ನೋಡಿದ್ರು. ತಗೊಂಡು ಹೋಗ್ಲಾ ಅಂತ ನೋಡಿದ್ರು ಅನ್ಸತ್ತೆ. ಆಮೇಲೆ ಬೀರು ಬಾಗಿಲು ಹಾಕಿದ್ರು.”

“ಅಕ್ಕ...”

“ಕೈ ಎತ್ತು.”

ಸೋಫಾ ಕೈ ಎತ್ತಿದ. ಶಾಲೆಗೆ ಹೊರಡುವ ಹೊತ್ತಿಗೆ ಅಂಗಿ ತೊಡಿಸುತ್ತಿದ್ದಳಲ್ಲ, ಹಾಗೆ ಅವಳು ದೊಡ್ಡ ಜಾಕೀಟನ್ನು ಅವನಿಗೆ ತೊಡಿಸಿದಳು. ಎದೆಯ ಬಕಲು ಹಾಕಿದಳು, ಹೊಟ್ಟೆಯದ್ದು ಹಾಕಿದಳು, ಪಟ್ಟಿ ಎಳೆದಳು. ಅದು ಅವನಿಗೆ ಹೇಳಿ ಮಾಡಿಸಿದ ಹಾಗಿತ್ತು.

“ಬಿಗಿ ಆಯ್ತಾ?”

“ಇಲ್ಲ.”

“ನಿನ್ನ ಅಳತೆ ಅವರು ನನ್ನ ಹತ್ರ ಕೇಳಿದ್ರು. ಅಂಗಿ ಕೊಡಿಸ್ತಾರೇನೋ ಅಂದ್ಕೊಂಡಿದ್ದೆ.” ಅವಳು ಒಂದು ಹೆಜ್ಜೆ ಹಿಂದೆ ಸರಿದಳು. “ಎಲ್ಲರೂ ನೋಡಾಯ್ತಲ್ಲ. ಈಗ ನಿನ್ನ ಮಾತು ಹೇಳು.”

“ಬೇಡ ಅಕ್ಕ. ನಿನ್ನ ದಮ್ಮಯ್ಯ.”

“ಹೇಳೋ. ಅದನ್ನ ನೀನು ಹೇಳ್ದೆ ಅವರು ಏನನ್ನೂ ಮುಟ್ತಿರಲಿಲ್ಲ.”

ಸೋಫಾ ಮೇಜಿನ ಮೇಲೆ ಕೈ ಇಟ್ಟ. ತಟ್ಟಲು ಆಗಲಿಲ್ಲ, ಬರೀ ಇಟ್ಟ. ದಬ್ಬಳ ಚುಚ್ಚಿದ್ದ ಬೆರಳು ಈಗ ನೋಯುತ್ತಿತ್ತು. ಸಣ್ಣ ನೋವಲ್ಲ, ಮೊಣಕೈ ತನಕ ಸೆಳೆಯುವ ನೋವು.

“ನೀರಿಗಿಳಿಸಬಹುದು,” ಎಂದ.

ಅಕ್ಕ ತಲೆ ಆಡಿಸಿದಳು. ಚಿಕ್ಕ ಜಾಕೀಟನ್ನು ಮಡಿಸಿ, ಬೆಲೆ ಚೀಟಿಯನ್ನೂ ಕೀಳದೆ, ಎದೆಗೆ ಒತ್ತಿಕೊಂಡಳು.

“ತಡ ಆಯ್ತು ಕಣೋ,” ಎಂದು ಹೇಳಿ ಹೊರಟಳು.