ಹದಿನೆಂಟನೇ ಕಂತಿನಲ್ಲಿ ಬಾಗದ ಪ್ರೇಮವ್ವ

ರಾಣೆಬೆನ್ನೂರಿನ ನನ್ನ ಅಂಗಡಿಯಲ್ಲಿ ಸಿಗದ ಕಾಲವೇ ಇಲ್ಲ. ದ್ವಾಪರದ ಕಿರೀಟದಿಂದ ಹಿಡಿದು ಬ್ರಿಟಿಷ್ ಕಲೆಕ್ಟರನ ಟೋಪಿಯವರೆಗೆ, ನಾಟಕದ ಉಡುಪನ್ನು ಈ ಕೊಟ್ರೇಶನಷ್ಟು ಬಾಡಿಗೆಗೆ ಕೊಟ್ಟವನು ತುಂಗಭದ್ರೆಯ ಎರಡೂ ದಡದಲ್ಲಿ ಹುಟ್ಟಿಲ್ಲ. ಕಾಲದೊಳಗೆ ಹಿಂದೆ ಮುಂದೆ ಓಡಾಡುವ ಧಾರಾವಾಹಿಯವರು ಬ್ಯಾಡಗಿಗೆ ಬಂದಾಗ ಮೊದಲು ಹುಡುಕಿದ್ದು ನನ್ನನ್ನೇ. ಸೀರೆಗಳ ಜೊತೆ ನನ್ನ ಮೀಸೆಯನ್ನೂ ಕಂಡು, ಸಾವುಕಾರನ ಪಾತ್ರ ನನಗೇ ಕೊಟ್ಟರು.

ಇಪ್ಪತ್ತು ಕಂತಿನ ಕತೆ, ಹದಿನೇಳು ಮುಗಿದಿದ್ದವು. ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸೊಬ್ಬಳು ಕೆಲಸ ಉಳಿಸಿಕೊಳ್ಳಲು ಸಾವುಕಾರನ ಕಾಲಿಗೆ ಬಿದ್ದಿರುತ್ತಾಳೆ. ಅಜ್ಜಿಯ ಆ ಅವಮಾನ ಅಳಿಸಲು ಮೊಮ್ಮಗಳು ಈ ಕಾಲದಿಂದ ಆ ಕಾಲಕ್ಕೆ ಹೋಗುತ್ತಾಳೆ. ಹದಿನೆಂಟನೆಯ ಕಂತಿನಲ್ಲಿ ಅವಳ ಕಣ್ಣೆದುರೇ ಅಜ್ಜಿ ಬೀಳಬೇಕು. ಮೊಮ್ಮಗಳು ಹುಬ್ಬಳ್ಳಿಯ ನಟಿ ಶ್ವೇತಾ. ಅಜ್ಜಿ ನಮ್ಮ ಪ್ರೇಮವ್ವ.

ಪ್ರೇಮವ್ವ ನಟಿಯಲ್ಲ, ಮೂವತ್ತು ವರ್ಷ ಬ್ಯಾಡಗಿಯಲ್ಲಿ ಖರೇ ತೊಟ್ಟು ಬಿಡಿಸಿದವಳು. ಅವಳ ಬೆರಳು ಓಡತೊಡಗಿದರೆ ಹಾವೇರಿ ಸ್ಟೇಷನ್ನಿನಲ್ಲಿ ನಿಂತ ರೈಲು ಸೀನುತ್ತದೆ. ಟೀವಿಯಲ್ಲಿ ಬರುತ್ತೇನೆಂದು ಓಣಿಗೆಲ್ಲ ಹೇಳಿಕೊಂಡಿದ್ದಳು. ಅವಳಿಗೆ ಇದ್ದದ್ದು ಈ ಒಂದೇ ದೃಶ್ಯ.

ನಿರ್ದೇಶಕ ವಿಜಯಮಹಾಂತೇಶ ಹೇಳಿಕೊಟ್ಟ: "ಪ್ರೇಮವ್ವಾ, ಎರಡೂ ಅಂಗೈಲೆ ಮುಖ ಮುಚ್ಕೊಂಡು ಅಳ್ರಿ. ಆಮ್ಯಾಲೆ ಸಾವ್ಕಾರ್ರ ಕಾಲಿಗೆ ಬೀಳ್ರಿ."

"ಕಾಯಿ ಹಿಡದ ಕೈಲೆ ಯಾರೂ ಕಣ್ಣು ಮುಟ್ಟಂಗಿಲ್ಲ ತಮ್ಮಾ. ನೀರು ಬಂದ್ರ ಹಿಂಗ," ಎಂದು ತೋಳಿನಿಂದ ಒರೆಸಿ ತೋರಿಸಿದಳು. "ಇನ್ನ ಕಾಲಿಗೆ ಬೀಳೂದು, ಅದನ್ನ ನಾ ಮಾಡಂಗಿಲ್ಲ."

"ಯಾಕ್ರಿ?"

"ನಮ್ಮವ್ವನೂ ಇದ ಕೆಲಸ ಮಾಡಿದಾಕಿ. ಕೆಲಸ ಬಿಟ್ಟು ಮನಿಗೆ ಹೋಗ್ಯಾಳ, ಯಾರ ಕಾಲಿಗೂ ಬಿದ್ದಿಲ್ಲ. ನಾ ಟೀವಿಯೊಳಗ ಬಿದ್ರ ಊರ ಮಂದಿ ಆಕಿನ್ನ ಬಿದ್ದಾಕಿ ಅಂತಾರ."

ನಾನು ಸಮಾಧಾನ ಹೇಳಹೋದೆ. "ಮೂರು ಸಲ ಸೋಪು ಹಚ್ಚಿ ಕಾಲು ತೊಳಕೊಂಡೇನಿಬೇ."

"ನಿನ್ನ ಕಾಲಿನ ಸುದ್ದಿ ನಿನ್ನ ಹೇಂತಿ ಮುಂದ ಹೇಳೋ."

ವಿಜಯಮಹಾಂತೇಶನ ತಾಳ್ಮೆ ಹರಿಯಿತು. "ಹಂಗಾರ ನಿಮ್ಮ ಪಾತ್ರ ಇಲ್ಲ. ಅಜ್ಜೀನೂ ಶ್ವೇತಾನ ಮಾಡ್ತಾಳ."

ಪ್ರೇಮವ್ವನ ಮುಖ ಸಣ್ಣದಾಯಿತು. ಆದರೂ ಸೆರಗು ಸಿಕ್ಕಿಸಿ, ಕತ್ತು ನೆಟ್ಟಗೆ ಇಟ್ಟುಕೊಂಡೇ ಪಕ್ಕಕ್ಕೆ ಹೋಗಿ ನಿಂತಳು.

ಶ್ವೇತಾ ನನ್ನ ಸೀರೆ ಉಟ್ಟು, ಕೂದಲು ನರೆ ಮಾಡಿಸಿಕೊಂಡು ಕೂತಳು. ಹತ್ತು ಕಾಯಿಯ ತೊಟ್ಟು ಮುರಿದಳು. ಕ್ಯಾಮೆರಾ ಓಡಿದ ಕೂಡಲೇ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಎದ್ದ ಕಿರುಚಾಟಕ್ಕೆ ಆಳೆತ್ತರದ ಮೆಣಸಿನಕಾಯಿ ರಾಶಿ ಜರಿಯಿತು, ಕಾಗಿನೆಲೆ ಬಸ್ಸು ಹತ್ತಿದ್ದವರು ಅರ್ಧ ದಾರಿಯಿಂದ ಇಳಿದು ಓಡಿ ಬಂದರು.

ಎಲ್ಲರೂ ಗಾಬರಿಯಾಗಿ ನಿಂತಾಗ ಪ್ರೇಮವ್ವನೇ ಹೋಗಿ ಅವಳ ಕಣ್ಣು ತೊಳೆಸಿ, ಹಾಲಿನಲ್ಲಿ ಅದ್ದಿದ ಅರಿವೆ ಇಟ್ಟಳು. "ತಿಕ್ಕಬ್ಯಾಡ ನನ್ನವ್ವಾ. ಹಂಗ ಕುಂದ್ರು. ನನಗೂ ಮೊದಲ್ನೇ ದಿನಾ ಹಿಂಗ ಆಗಿತ್ತು."

ಅರ್ಧ ತಾಸಿನ ಮೇಲೆ ಶ್ವೇತಾ ಎದ್ದಳು. ಅವಳ ಕಣ್ಣಿನ ಕೆಂಪಿನ ಮುಂದೆ ರಾಶಿಯ ಕಾಯಿಯೇ ಬಿಳಿಚಿದಂತೆ ಕಂಡಿತು. "ಸರ್, ಅವ್ರು ಹೇಳಿದಂಗ ತಗೀರಿ. ಇಲ್ಲಾಂದ್ರ ನಿಮಗ ಮೊಮ್ಮಗಳೂ ಇಲ್ಲ."

ನಿರ್ದೇಶಕ ತಲೆ ಹಿಡಿದುಕೊಂಡ. "ಅಜ್ಜಿ ಬೀಳದಿದ್ರ, ಮೊಮ್ಮಗಳು ಹದಿನೇಳು ಕಂತು ಕಷ್ಟಪಟ್ಟು ಹಿಂದಕ ಬಂದಿದ್ದು ಯಾತಕ್ಕ್ರಿ?"

"ಅಜ್ಜೀನ ನೋಡಾಕ ಬಂದಾಳ," ಎಂದಳು ಪ್ರೇಮವ್ವ. "ಅದಕ್ಕ ಬ್ಯಾರೆ ಕಾರಣ ಯಾಕ ಬೇಕು?"

ವಿಜಯಮಹಾಂತೇಶ ಕೈಯಲ್ಲಿದ್ದ ಕತೆಯ ಹಾಳೆಗಳನ್ನು ಮಡಚಿ ಕುರ್ಚಿಯ ಕೆಳಗಿಟ್ಟ.

ಪ್ರೇಮವ್ವ ಮತ್ತೆ ರಾಶಿಯ ಮುಂದೆ ಕೂತಳು, ಕ್ಯಾಮೆರಾ ಓಡಿತು. "ನಾಳಿಂದ ಕೆಲಸಕ್ಕ ಬರಬ್ಯಾಡ," ಎಂದು ನಾನು ಗುಡುಗಿದ್ದು ಹಿರೇಕೆರೂರಿನಲ್ಲೂ ಕೇಳಿಸಿತಂತೆ. ಪ್ರೇಮವ್ವ ಎದ್ದಳು. ಉಡಿಯಲ್ಲಿದ್ದ ತೊಟ್ಟುಗಳನ್ನೆಲ್ಲ ನನ್ನ ಕಾಲ ಬುಡಕ್ಕೆ ಝಾಡಿಸಿ, ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಹಾಗೆ ಸರಿಯಬೇಕೆಂದು ಯಾರೂ ನನಗೆ ಹೇಳಿರಲಿಲ್ಲ. ಅಭಿನಯ ಭಾರಿ ಆಯಿತೆಂದು ಎಲ್ಲರೂ ಹೊಗಳಿದರು, ನಾನೂ ಹೌದೆಂದೆ.